ಬಿಸಿಲಿಗೆ ಬೆನ್ನು ಕೊಟ್ಟು ಕೂತವರು

ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಆ ವರ್ಷ ಹಿತ್ತಲ ಮರ ತುಂಬ ಬಿಟ್ಟಿತ್ತು. ಓಡು ಬಿಡಿಸಿ ಒಣಗಿಸಿದ ಹಣ್ಣು ಎರಡು ಗೋಣಿಚೀಲ ತುಂಬಿ ಕೂತಿತ್ತು. ನಡುಮನೆಯ ಚಪ್ಪಡಿಯ ಮೇಲೆ ಹಣ್ಣಿಟ್ಟು ಗುಂಡುಕಲ್ಲಿನಿಂದ ಒಂದು ಏಟು ಹಾಕಿ, ಬೀಜ ಒಂದು ಕಡೆ, ನಾರು ಒಂದು ಕಡೆ ಮಾಡುತ್ತಿದ್ದೆ. ಮೂರು ವರ್ಷದ ಮಗಳು ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಹೊಸ ಒಲೆ ಹಾಕಬೇಕು ಅಂತ ಬೆಳಿಗ್ಗೆಯೇ ಹಿತ್ತಲಲ್ಲಿ ಮಣ್ಣು ನೆನೆಸಿದ್ದೆ. ಹುಣಸೆ ಮುಗಿದ ಮೇಲೆ ಆ ಕೆಲಸ.

ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತರು. ಕೈಯಲ್ಲಿ ಛತ್ರಿ, ಹೆಗಲಲ್ಲಿ ಬಟ್ಟೆಯ ಚೀಲ. ಚಾಮರಾಜನಗರದಿಂದ ನಮ್ಮ ಗುಂಡ್ಲುಪೇಟೆಯ ಸ್ಕೂಲಿಗೆ ವರ್ಗವಾಗಿ ಬಂದ ಟೀಚರಂತೆ. ಬೆಳಗಿನ ಬಸ್ಸಿಗೆ ಬಂದಿಳಿದು ಬಾಡಿಗೆಗೆ ಕೋಣೆ ಹುಡುಕುತ್ತಿದ್ದಾರಂತೆ.

"ನಿಮ್ಮ ಹಿತ್ತಲ ಕೋಣೆ ಖಾಲಿ ಇದೆಯಾ ಅಮ್ಮ? ನಮ್ಮ ಸ್ಕೂಲಿನ ಮೇಷ್ಟ್ರೊಬ್ಬರು ಹೇಳ್ತಾ ಇದ್ರು, ಗುಂಡ್ಲುಪೇಟೆಗೆ ಹಾಕಿದ್ರೆ ಮೊದಲು ಆ ಮನೇಲಿ ಕೇಳಿ, ಬೆಳಿಗ್ಗೆ ಒಳ್ಳೇ ಬಿಸಿಲು ಬರುತ್ತೆ ಅಂತ."

ಬಿಸಿಲಿನ ಮಾತು ಬಂದ ಮೇಲೆ ಯಾವ ಮೇಷ್ಟ್ರು ಅಂತ ಕೇಳುವುದೇನಿತ್ತು? "ಚೆನ್ನಾಗಿದ್ದಾರಾ?" ಅಂದೆ.

ಆಕೆ ಛತ್ರಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿಕೊಂಡರು. "ನಿಮಗೆ ಸುದ್ದಿ ಬರಲಿಲ್ವಾ? ಸಂಕ್ರಾಂತಿ ಆಗಿ ಒಂದು ವಾರಕ್ಕೆ ಹೋಗ್ಬಿಟ್ರಲ್ಲ. ಎದೆನೋವು ಅಂದ್ರಂತೆ, ಅಷ್ಟೇ. ಅವರ ಊರು ಕುದೇರಿಗೆ ತಗೊಂಡು ಹೋದ್ರು."

ನಾನು ಎತ್ತಿದ್ದ ಗುಂಡುಕಲ್ಲು ಎತ್ತಿದ ಹಾಗೇ ಇತ್ತು. ಬೆರಳಿನ ಮೇಲೆ ಬೀಳಲಿಲ್ಲ. ಅದೊಂದು ದೇವರ ದಯೆ.

ಅವರಿಗೆ ಹೆಸರಿತ್ತು. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆದವರಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ನಮಗೆ ಮೇಷ್ಟ್ರು ಅಂದರೆ ಅವರೊಬ್ಬರೇ.

ನಾನು ಮೊದಲ ಸಲ ಓಟು ಹಾಕಿ ಬಂದ ವರ್ಷ ಅವರು ನಮ್ಮ ಹಿತ್ತಲ ಕೋಣೆಗೆ ಬಂದರು. ಊರಿನ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಮತ್ತು ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ನಲವತ್ತರ ಆಸುಪಾಸು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು; ಕುದೇರಿನಲ್ಲಿ ತಾಯಿ ಇದ್ದರು, ಸ್ವಲ್ಪ ಹೊಲ ಇತ್ತು. ಬರುವಾಗ ತಂದದ್ದು ಒಂದು ತಗಡಿನ ಟ್ರಂಕು, ಒಂದು ಚಾಪೆ, ಒಂದು ಹಿತ್ತಾಳೆ ಚೊಂಬು, ಮತ್ತೆ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ. ಚೊಂಬನ್ನು ತೊಳೆದು ಬೋರಲು ಹಾಕದೆ ಅವರು ಸ್ಕೂಲಿಗೆ ಹೊರಟದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ಬೆಳಿಗ್ಗೆ ಅವರ ಜಾಗ ಬಟ್ಟೆ ಒಗೆಯುವ ಕಲ್ಲು. ಪಡುವಕ್ಕೆ ಮುಖ ಮಾಡಿ, ಅಂಗಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಏರುವ ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಂಜು ಇಳಿಯುವ ಧನುರ್ಮಾಸದಲ್ಲಿ ಅರ್ಧ ಗಂಟೆ, ಬೇಸಿಗೆಯಲ್ಲಿ ಐದು ನಿಮಿಷ. ನಾನು ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬರುವಷ್ಟರಲ್ಲಿ ಕಲ್ಲು ಖಾಲಿಯಾಗಿರುತ್ತಿತ್ತು. ಮುಟ್ಟಿದರೆ ಬೆಚ್ಚಗಿರುತ್ತಿತ್ತು.

ಅತ್ತೆಗೆ ಎದುರಿಗೆ ಕಂಡದ್ದನ್ನು ಕೇಳದೆ ಬಿಟ್ಟು ಅಭ್ಯಾಸವಿಲ್ಲ. "ಏನ್ ಮೇಷ್ಟ್ರೇ, ದಿನಾ ಬೆನ್ನ ಕಾಯಿಸ್ಕೊಂಡು ಕೂತ್ಕತೀರಲ್ಲ, ಸೊಂಟ ಹಿಡ್ಕಂಡದಾ?"

"ಇಲ್ಲ ಅವ್ವ, ನಮ್ಮ ಹಿಂದಿನವರ ಪದ್ಧತಿ ಇದು."

"ಕುದೇರಲ್ಲಿ ಹಂಗೆಲ್ಲ ಪದ್ಧತಿ ಅದ್ದಾ?"

ಮೇಷ್ಟ್ರು ನಕ್ಕು ಕೋಣೆಯಿಂದ ಆ ಪುಸ್ತಕ ತಂದು ಬಿಚ್ಚಿ ತೋರಿಸಿದರು. ಒಂದು ಪ್ರಾಣಿಯ ಚಿತ್ರ. ಎಮ್ಮೆಯಷ್ಟು ಉದ್ದ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಕುಳ್ಳ ಕಾಲು, ಉದ್ದ ಬಾಲ, ದೊಡ್ಡ ತಲೆ. ಬೆನ್ನ ಮೇಲೆ, ಕತ್ತಿನಿಂದ ಸೊಂಟದವರೆಗೆ, ಮೊರವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಒಂದು ಪಟ. ಬೆನ್ನುಮೂಳೆಯಿಂದಲೇ ಕಡ್ಡಿಗಳು ಎದ್ದು, ಅವುಗಳ ನಡುವೆ ಚರ್ಮ. ಹೆಸರು ಡೈಮೆಟ್ರೊಡಾನ್ ಅಂದರು. ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ, ಕಲ್ಲಿನೊಳಗೆ ಅದರ ಎಲುಬು ಮಾತ್ರ ಸಿಕ್ಕಿದೆ, ಅದೂ ದೂರದ ಅಮೆರಿಕಾದಲ್ಲಿ ಅಂದರು. ಬೆಳಿಗ್ಗೆ ಎದ್ದು ಮೈ ಮರಗಟ್ಟಿದಾಗ ಅದು ಈ ಪಟವನ್ನು ಬಿಸಿಲಿಗೆ ಒಡ್ಡಿ ರಕ್ತ ಬಿಸಿ ಮಾಡಿಕೊಂಡು ಆಮೇಲೆ ಹೊಟ್ಟೆಪಾಡಿಗೆ ಹೋಗುತ್ತಿತ್ತು ಅಂತ ಪುಸ್ತಕದಲ್ಲಿ ಬರೆದಿದೆಯಂತೆ.

ನನಗೆ ಆ ಹೆಸರು ಬಾಯಿಗೆ ಬರಲು ಹತ್ತು ದಿನ ಹಿಡಿಯಿತು. ಅತ್ತೆಗೆ ಅದು ಇವತ್ತಿಗೂ 'ಮೊರದ ಬೆನ್ನಿಂದು'.

"ಆವಾಗ ದೇವರಿದ್ದನಾ?" ಅಂತ ನಾನು ಕೇಳಿಬಿಟ್ಟೆ. ನನಗೆ ಅದೇ ಚಿಂತೆ.

"ಸೂರ್ಯ ಇದ್ದನಲ್ಲ ತಂಗ್ಯಮ್ಮ. ದಿನಾ ಬೆಳಿಗ್ಗೆ ಅವನಿಗೆ ಬೆನ್ನು ಕೊಟ್ಟು ನಿಲ್ತಿತ್ತು."

"ದೇವ್ರಿಗೆ ಬೆನ್ನ ತೋರ್ಸದಾ?" ಅಂದರು ಅತ್ತೆ. "ಅದ್ಕೇ ಹೇಳೆಸ್ರಿಲ್ದೆ ಹೋಗಿರದು."

ಮೇಷ್ಟ್ರು ನಗುವಾಗ ಸದ್ದು ಬರುತ್ತಿರಲಿಲ್ಲ, ಹೆಗಲು ಕುಣಿಯುತ್ತಿತ್ತು. ಅವತ್ತು ಪುಸ್ತಕ ಕೈಯಿಂದ ಜಾರಿತು.

ಅದು ಎಷ್ಟು ಹಿಂದಿನ ಮಾತು ಅಂತ ನಾನು ಇನ್ನೊಂದು ದಿನ ಕೇಳಿದೆ. ಮೊರದಲ್ಲಿ ರಾಗಿ ಕೇರುತ್ತಿದ್ದೆ. ಅವರು ಒಂದು ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಎತ್ತಿದರು. "ನಿಮ್ಮ ಅತ್ತೆಯವರ ಅಜ್ಜಿ ಹುಟ್ಟಿದ ದಿನದಿಂದ ಇವತ್ತಿನವರೆಗೆ ಇದೊಂದು ಕಾಳು ಅಂದ್ಕೊಳ್ಳಿ. ಆ ಪ್ರಾಣಿ ಹತ್ರ ಹೋಗಬೇಕಾದ್ರೆ ಇಂಥ ಮೂರು ನಾಲ್ಕು ಮೊರ ರಾಗಿ ಬೇಕು."

ಅತ್ತೆ ಮೊರದ ಕಡೆ ನೋಡಿದರು. "ಅಷ್ಟು ರಾಗೀಲಿ ನಾವು ಯಾವದು?"

"ಕೊನೇ ಕಾಳು ಅವ್ವ."

"ಆ ಕಾಳ ಕೋಳಿ ತಿನ್ಬುಟ್ರ?"

ಮೇಷ್ಟ್ರು ಕಾಳನ್ನು ಮೊರಕ್ಕೆ ಹಾಕಿ ಎದ್ದರು. ಎರಡು ದಿನ ಬಿಟ್ಟು ಬಂದು, "ಅವ್ವ, ನೀವು ಕೇಳಿದ್ದನ್ನ ಕ್ಲಾಸಿನಲ್ಲಿ ಹೇಳಿದೆ" ಅಂದರು.

ಊರಿನಲ್ಲಿ ಎಲ್ಲರೂ ಆ ಪ್ರಾಣಿಯನ್ನು ಓತಿಕ್ಯಾತ ಅನ್ನುತ್ತಿದ್ದರು. ಮೇಷ್ಟ್ರಿಗೆ ಸಿಟ್ಟು ಬರುತ್ತಿದ್ದದ್ದು ಆ ಒಂದು ಮಾತಿಗೆ. "ಕೇಳಿ ಹೇಳಬೇಡಿ, ನೋಡಿ ಹೇಳಿ" ಅನ್ನುವುದು ಅವರ ಬಾಯಿಪಾಠ. ಎಲೆ ಅಡಿಕೆ ಜಗಿಯುತ್ತಿದ್ದ ಅತ್ತೆಗೆ ಒಮ್ಮೆ, "ಅವ್ವ, ಕಣ್ಣಿನ ಪಕ್ಕ, ಕಿವಿಗಿಂತ ಮುಂದೆ ಬೆರಳಿಟ್ಟು ಜಗೀರಿ" ಅಂದರು.

ಅತ್ತೆ ಬೆರಳಿಟ್ಟರು. "ಅಯ್, ಕುಣೀತದ ಕಣಮ್ಮಿ!"

ನಾನೂ ಇಟ್ಟು ನೋಡಿದೆ. ದವಡೆ ಆಡಿದ ಹಾಗೆಲ್ಲ ಅಲ್ಲಿ ಒಳಗಿನಿಂದ ಏನೋ ಉಬ್ಬಿ ಇಳಿಯುತ್ತಿತ್ತು. ಇಪ್ಪತ್ತೆರಡು ವರ್ಷ ಉಂಡಿದ್ದೆ, ಒಂದು ಸಲವೂ ಗಮನಿಸಿರಲಿಲ್ಲ.

"ದವಡೆ ಎಳೆಯೋ ಮಾಂಸ ಅದು. ಹಲ್ಲಿಯ ಕಡೆಯವಕ್ಕೆ ತಲೆಬುರುಡೆಯಲ್ಲಿ ಅಲ್ಲಿ ಎರಡು ಕಿಂಡಿ. ಡೈಮೆಟ್ರೊಡಾನಿಗೆ ಒಂದೇ. ನಾವೂ ಆ ಒಂದು ಕಿಂಡಿಯ ವಂಶದವರೇ. ಇದು ಓತಿಕ್ಯಾತನ ಕಡೆಯದಲ್ಲ ಅವ್ವ, ನಮ್ಮ ಕಡೆಯದು. ನೇರ ಅಜ್ಜ ಅಲ್ಲ, ಅಜ್ಜನ ದಾಯಾದಿ."

"ದಾಯಾದಿ ಅಂತೀರಿ, ಸತ್ತಾಗ ಸೂತಕ ಮಾಡುದ್ರಾ?"

"ಮಾಡಬೇಕಿತ್ತು ಅವ್ವ. ಸುದ್ದಿ ಈಗ ಬಂತು."

"ತಡ್ವಾಗಿ ಬಂದ್ರೂ ತಲೆ ಮ್ಯಾಕೆ ನೀರಾರ ಹುಯ್ಕಬೇಕು" ಅಂದರು ಅತ್ತೆ, ಎಲೆ ಉಗುಳಲು ಏಳುತ್ತಾ.

ಇನ್ನು ನನ್ನ ಮಾತು. ಅವರು ಬಂದ ವರ್ಷದ ಮಾಘದಲ್ಲಿ ನನ್ನ ಮೊದಲ ಕೂಸು ಹದಿನೆಂಟು ದಿನ ಇದ್ದು ಹೋಯಿತು. ಅದನ್ನು ಹೆಚ್ಚು ಬರೆಯುವುದಿಲ್ಲ. ಎದೆಯ ಹಾಲು ಬತ್ತಿದ ಮೇಲೂ ನಾನು ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ನೆಂಟರೆಲ್ಲ ಬಂದು ಸಮಾಧಾನ ಹೇಳಿ ಹೋದರು. ಮೇಷ್ಟ್ರು ಏನೂ ಹೇಳಲಿಲ್ಲ. ಯುಗಾದಿ ಕಳೆದು ಒಂದು ದಿನ ಬಂದು, "ತಂಗ್ಯಮ್ಮ, ನಿಮ್ಮ ಪೊರಕೆಯಿಂದ ಇಪ್ಪತ್ತು ಕಡ್ಡಿ ಕೊಡ್ತೀರಾ? ಒಂದೇ ದಪ್ಪದವು ಬೇಕು, ಆರಿಸಿ ಕೊಡಬೇಕು" ಅಂದರು.

ಆರಿಸಲು ಇಡೀ ಮಧ್ಯಾಹ್ನ ಬೇಕಾಯಿತು. ಎಷ್ಟೋ ದಿನಗಳ ಮೇಲೆ ಸಂಜೆ ಆದದ್ದು ನನಗೆ ಗೊತ್ತಾಗಲಿಲ್ಲ.

ಭೀಮನಬೀಡಿನ ಕೆರೆಯ ಜಿಗಟು ಮಣ್ಣನ್ನು ಅವರು ಗಾಡಿಯವರಿಗೆ ಹೇಳಿ ತರಿಸಿದ್ದರು. ಅದನ್ನು ಸೋಸಿ, ಕಲಸಿ, ವಾರಗಟ್ಟಲೆ ಗೋಣಿ ಮುಚ್ಚಿಟ್ಟು, ಆಮೇಲೆ ಮಾಡಲು ಕೂತರು. ಒಂದು ಮೊಳ ಉದ್ದದ ಡೈಮೆಟ್ರೊಡಾನ್. ಸ್ಕೂಲು ಬಿಟ್ಟು ಬಂದು ದಿನಕ್ಕೆ ಒಂದು ಗಂಟೆ, ಭಾನುವಾರ ಇಡೀ ದಿನ. ಬೇಕಾದದ್ದೆಲ್ಲ ನಮ್ಮ ಮನೆಯಿಂದಲೇ. ಆ ಹೆಸರಿಗೆ ಎರಡು ಅಳತೆಯ ಹಲ್ಲು ಅಂತ ಅರ್ಥವಂತೆ. ಮುಂದಿನ ದೊಡ್ಡ ಹಲ್ಲಿಗೆ ನಾನು ಇಡೀ ಅಕ್ಕಿಕಾಳು ಆರಿಸಿ ಕೊಟ್ಟೆ, ಹಿಂದಿನದಕ್ಕೆ ನುಚ್ಚು. ಬೆನ್ನಿನ ಪಟಕ್ಕೆ ಕಡ್ಡಿಗಳ ನಡುವೆ ಹೊದಿಸಿ ಮಣ್ಣು ಸವರಲು ತೆಳ್ಳಗಿನ ಹಳೇ ಬಟ್ಟೆ ಬೇಕು ಅಂದರು.

ನನ್ನ ಹತ್ತಿರ ಒಂದಿತ್ತು. ಕೂಸಿಗೆ ಜೋಲಿ ಕಟ್ಟಿದ್ದ ನೀಲಿ ಸೀರೆಯ ತುಂಡು. ಎಸೆಯಲೂ ಆಗದೆ, ಯಾರಿಗಾದರೂ ಕೊಡಲೂ ಆಗದೆ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೆ. ಅದನ್ನು ಕೊಟ್ಟೆ. ಏನು ಅಂತ ಹೇಳಲಿಲ್ಲ. ಅವರು ಅದನ್ನು ಎರಡು ಕೈಯಲ್ಲೂ ತೆಗೆದುಕೊಂಡರು.

ಶ್ರಾವಣದಲ್ಲಿ ಸ್ಕೂಲಿಗೆ ಬಂದ ಇನ್ಸ್‌ಪೆಕ್ಟರು ಅದನ್ನು ನೋಡಿದರು. ದಸರೆಗೆ ಮೈಸೂರಿನ ವಸ್ತುಪ್ರದರ್ಶನಕ್ಕೆ ತನ್ನಿ, ಸ್ಕೂಲುಗಳಿಗೆಲ್ಲ ಇಂಥ ಮಾದರಿ ಮಾಡಿಕೊಡುವ ಒಬ್ಬರನ್ನು ಮೈಸೂರಿನಲ್ಲಿ ಹುಡುಕುತ್ತಿದ್ದಾರೆ, ನಿಮ್ಮ ಕೆಲಸವನ್ನು ನಾನೇ ತೋರಿಸುತ್ತೇನೆ ಅಂದರಂತೆ. ಮೇಷ್ಟ್ರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪಂಚೆ ಎತ್ತಿಕೊಂಡು ಓಡಿಬಂದು ಹಿತ್ತಲ ಬಾಗಿಲಲ್ಲಿ ನಿಂತು, "ತಂಗ್ಯಮ್ಮ, ಮೈಸೂರು! ಅಲ್ಲಿ ದೊಡ್ಡ ಲೈಬ್ರರಿ ಇದೆ. ಇದರ ಒಂದೊಂದು ಎಲುಬಿನ ಚಿತ್ರವೂ ಸಿಗುತ್ತೆ" ಅಂದರು. ಏದುಸಿರು ಬಿಡುತ್ತಿದ್ದರು. ನಾನು ಒಂದು ಚೂರು ಬೆಲ್ಲ ಕೊಟ್ಟೆ.

ಭಾದ್ರಪದ ಬಂತು, ಮಳೆ ಹಿಡಿಯಿತು. ಅವರ ಕೋಣೆಯ ಹೆಂಚು ಸೋರಲು ಶುರುವಾಯಿತು. ಪ್ರಾಣಿ ಇನ್ನೂ ಪೂರ್ತಿ ಒಣಗಿರಲಿಲ್ಲ; ಬಿರುಕು ಬಿಡದ ಹಾಗೆ ನಿಧಾನವಾಗಿ ನೆರಳಲ್ಲಿ ಒಣಗಿದ ಮೇಲೆ ಬಣ್ಣ. ಹಬ್ಬಕ್ಕೆ ತಾಯಿಯ ಹತ್ತಿರ ಕುದೇರಿಗೆ ಹೊರಟವರು ಅದನ್ನು ನಮ್ಮ ಮನೆಯಲ್ಲಿಡಲು ತಂದರು. ನಾನು ದೇವರ ಗೂಡಿನ ಪಕ್ಕದ ಕಟ್ಟೆ ತೋರಿಸಿದೆ. ಹಿಂದೆಯೇ ಒಲೆ, ಗೋಡೆ ಬೆಚ್ಚಗಿರುತ್ತದೆ, ಇಲಿ ಬರುವುದಿಲ್ಲ. ಉಳಿದ ಅದೇ ಮಣ್ಣಿನಲ್ಲಿ ಅವರು ನಮಗೆ ಗೇಣುದ್ದದ ಒಂದು ಗಣಪತಿಯನ್ನೂ ಮಾಡಿಕೊಟ್ಟಿದ್ದರು. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಬಸ್ಸು ಹತ್ತಿದರು.

ಚೌತಿ ಆ ವರ್ಷ ಸೋಮವಾರ. ಪೂಜೆಗೆ ಕೂತೆ. ನಮ್ಮವರು ಕಚೇರಿಯ ಕೆಲಸದ ಮೇಲೆ ನಂಜನಗೂಡಿಗೆ ಹೋಗಿದ್ದರು, ಬರುವುದು ವಾರವಾಗುತ್ತಿತ್ತು. ಅತ್ತೆ ಬಾಗಿಲ ಆಚೆ ಕೂತು ಹೀಗೆ ಮಾಡು ಹಾಗೆ ಮಾಡು ಅಂತ ಹೇಳುತ್ತಿದ್ದರು. ಮಾವ ಹೋದ ದಿನದಿಂದ ಅವರು ಕುಂಕುಮದ ಬಟ್ಟಲು ಮುಟ್ಟಿದವರಲ್ಲ. ನಾನು ಗಣಪತಿಗೆ ಅರಿಸಿನ ಕುಂಕುಮ ಇಟ್ಟೆ, ಗರಿಕೆ ಏರಿಸಿದೆ. ಪಕ್ಕದಲ್ಲಿ ಅದೇ ಮಣ್ಣಿನ ಇನ್ನೊಬ್ಬ, ಬೋಳು ಹಣೆಯಲ್ಲಿ ನೋಡುತ್ತಿದ್ದ. ಬೆನ್ನಿನ ಮಣ್ಣಿನೊಳಗೆ ನನ್ನ ಕೂಸಿನ ಜೋಲಿ. ಬೆರಳಲ್ಲಿ ಕುಂಕುಮ ಉಳಿದಿತ್ತು. ಇಟ್ಟೆ. ಒಂದು ಹೂವನ್ನೂ ಇಟ್ಟೆ, ಆರತಿಯನ್ನು ಅದರ ಮುಂದೂ ಎತ್ತಿದೆ.

ಬುಧವಾರ ಸಂಜೆ ಗಣಪತಿಯನ್ನು ಬಿಡಲು ಹೊರಟಾಗ ಅತ್ತೆ ಒಳಗೆ ಇಣುಕಿದರು.

"ಇದೇನಮ್ಮಿ, ಮೊರದ ಬೆನ್ನಿಂದ್ಕ ಕುಂಕುಮ ಅದ?"

ನಾನು ಕೈಯಲ್ಲಿದ್ದ ಮಣೆ ಕೆಳಗಿಟ್ಟೆ.

"ಪೂಜೆ ಮಾಡ್ಬುಟ್ಟಿದ್ದೀಯಾ?"

"ಹೂಂ."

"ಆರ್ತಿ?"

"ಎತ್ತಿದೆ ಅತ್ತೆ."

ಅತ್ತೆ ಒಳಗೆ ಬಂದು ಕಟ್ಟೆಯ ಹತ್ತಿರ ಕೂತರು. ಆಮೇಲೆ ಮೆಲ್ಲಗೆ, "ಪೂಜೆ ತಕ್ಕಂಡ ಹಸಿ ಮಣ್ಣ ಮನೇಲಿ ಮಡಿಕಂಡದ್ದುಂಟಾ? ಕಳಿಸ್ಬೇಕು ಕಣಮ್ಮಿ" ಅಂದರು.

"ಮೇಷ್ಟ್ರು ನಾಳೆ ಬೆಳಿಗ್ಗೆ ಬರ್ತಾರೆ. ಅವರನ್ನ ಒಂದು ಮಾತು ಕೇಳಿ..."

"ನಾಳಿಕ್ಕ ನಾಕ್ನೇ ದಿನ. ಸರಿ ದಿನದಲ್ಲಿ ಬುಡ್ತಾರಾ?"

"ಐದನೇ ದಿನ?"

"ಸುಕ್ರವಾರ. ಸುಕ್ರವಾರ ಮನೆಯಿಂದ ದೇವ್ರ ಈಚ್ಗ ಕಳಿಸ್ತಾರಾ? ಏಳ್ನೇ ದಿನದ ಗಂಟ ಯಾರು ಇಟ್ಕಂಡರು? ಮೊದುಲ್ನ ಕೂಸ ಕಳ್ಕಂಡು ಕೂತಿದ್ದೀಯ. ಇನ್ನೊಂದು ಬ್ಯಾಡ್ವಾ ನಿಂಗ?"

ಅದನ್ನು ಒರಸಿ, ಕುಂಕುಮ ಇಟ್ಟೇ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಅತ್ತೆ ನಂಬುತ್ತಿದ್ದರು, ಪ್ರಾಯಶಃ ಅವರಿಗೂ ಅದೇ ಬೇಕಿತ್ತು. ದೇವರ ಮುಂದೆ ನನಗೆ ಸುಳ್ಳು ಬರಲಿಲ್ಲ. ಭಯವೂ ಇತ್ತು, ಇಲ್ಲವೆನ್ನಲಾರೆ.

ಅತ್ತೆ ಗಣಪತಿಯ ಮಣೆ ಹಿಡಿದು ಮುಂದೆ ನಡೆದರು. ನಾನು ಡೈಮೆಟ್ರೊಡಾನನ್ನು ಮೊರದಲ್ಲಿಟ್ಟು ಎದೆಗೆ ಆನಿಸಿಕೊಂಡು ಹಿಂದೆ. ಮಳೆ ಬಿಡುವು ಕೊಟ್ಟಿತ್ತು. ಕೆರೆಯಲ್ಲಿ ಗಣಪತಿ ಬೇಗ ಮುಳುಗಿದ. ಇದು ಮುಳುಗಲಿಲ್ಲ, ಮೆಟ್ಟಿಲಿನ ಹತ್ತಿರ ನೀರು ಆಳವಿರಲಿಲ್ಲ. ಮೊದಲು ಅಕ್ಕಿಯ ಹಲ್ಲು ಉದುರಿದವು. ಮೈ ಕರಗಿ ನೀರು ಕೆಂಪಾಯಿತು. ಪಟ ಮಾತ್ರ ಸ್ವಲ್ಪ ಹೊತ್ತು ನೀರಿನ ಮೇಲೆ ನಿಂತಿತ್ತು. ಮಣ್ಣು ತೊಳೆದುಹೋಗಿ ನೀಲಿ ಬಟ್ಟೆ ಕಂಡಿತು. ಅತ್ತೆ ಅದನ್ನು ನೋಡಿದರು, ಗುರುತು ಹಿಡಿದರು. ನನ್ನ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು.

ಮರುದಿನ ಮೇಷ್ಟ್ರು ಬಂದಾಗ ನಾನು ಒಲೆಯ ಮುಂದೆ ಇದ್ದೆ, ಏಳಲಿಲ್ಲ. ಅತ್ತೆಯೇ ನಡುಮನೆಯಲ್ಲಿ ನಿಂತು ಹೇಳಿದರು. "ಮೇಷ್ಟ್ರೇ, ನನ್ನಿಂದ ತಪ್ಪಾಗೋಯ್ತು. ಗಣಪತಿ ಜೊತ್ಗ ಅದ್ಕೂ ನಾನೇ ಕುಂಕುಮ ಇಕ್ಕಿ ಪೂಜೆ ಮಾಡ್ಬುಟ್ಟೆ. ನಾನೇ ತಕ್ಕೊಂಡೋಗಿ ಕೆರೆಗೆ ಬುಟ್ಟುಬುಟ್ಟೆ. ಸೊಸೆ ಬ್ಯಾಡ ಅಂದ್ಲು."

ಬಾಗಿಲ ಸಂದಿಯಿಂದ ನನಗೆ ಅವರ ಮುಖ ಕಾಣುತ್ತಿತ್ತು. ಅವರು ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು.

"ಕುಂಕುಮ ನೀವೇ ಇಟ್ರಾ ಅವ್ವ?"

"ಊಂ, ನಾನೇಯ."

"ಆಯ್ತು ಬುಡಿ ಅವ್ವ" ಅಂದು ಹೊರಗೆ ಹೋದರು.

ಮಧ್ಯಾಹ್ನ ಬಂದರು. ಪಂಚೆ ಮಂಡಿಯವರೆಗೆ ಒದ್ದೆ. ಕೈಯಲ್ಲಿ ಮೂರು ಪೊರಕೆಕಡ್ಡಿ. ನೀಲಿ ಬಟ್ಟೆಯನ್ನು ಹಿಂಡಿ, ಮಡಿಸಿ, ಒಗೆಯುವ ಕಲ್ಲಿನ ಮೇಲಿಟ್ಟು ಕೋಣೆಗೆ ಹೋದರು. ದಸರೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಅಷ್ಟರೊಳಗೆ ಹೊಸದು ಮಾಡಿ ಒಣಗಿಸುವುದು ಆಗದ ಮಾತು. ಇನ್ಸ್‌ಪೆಕ್ಟರು ಮತ್ತೆ ಕೇಳಲಿಲ್ಲ. ಮೈಸೂರಿನ ಮಾತು ಅಲ್ಲಿಗೆ ನಿಂತಿತು.

ಅವರು ನಮ್ಮ ಮನೆಯಲ್ಲಿ ಮತ್ತೆ ಅದನ್ನು ಮಾಡಲಿಲ್ಲ. ಬೆಳಿಗ್ಗೆ ಕಲ್ಲಿನ ಮೇಲೆ ಕೂರುವುದನ್ನು ಬಿಡಲಿಲ್ಲ. ಅತ್ತೆಯ ಜೊತೆ ನಗುವುದನ್ನೂ ಬಿಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ದಿನಾ ಬಟ್ಟೆಯ ಬುಟ್ಟಿ ಎತ್ತುವಾಗ, ಇವತ್ತು ಹೇಳಬೇಕು, ಕುಂಕುಮ ಇಟ್ಟದ್ದು ನಾನು ಅಂತ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಹಿತ್ತಲಿಗೆ ಬರುವಷ್ಟರಲ್ಲಿ ಕಲ್ಲು ಖಾಲಿ. ಅತ್ತೆಗೆ ಸುಳ್ಳು ಹೇಳದವಳು ಮೇಷ್ಟ್ರಿಗೆ ನಿಜ ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಚಾಮರಾಜನಗರಕ್ಕೆ ವರ್ಗವಾಯಿತು. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, "ಬರ್ತೀನಿ ತಂಗ್ಯಮ್ಮ, ಕಲ್ಲು ಇನ್ನು ಪೂರ್ತಿ ನಿಮ್ಮದು" ಅಂದರು. ಆವಾಗಲೂ ಹೇಳಲಿಲ್ಲ.

ಎರಡು ವರ್ಷಕ್ಕೆ ದೇವರು ಮಗಳನ್ನು ಕೊಟ್ಟ. ಬದುಕಿದಳು. ಒಂದು ಕಾಗದ ಹಾಕಿಸಬೇಕು ಅಂದುಕೊಂಡೆ. ಬರೀ ಮಗುವಿನ ಸುದ್ದಿ ಬರೆದು ಅದನ್ನು ಬರೆಯದೆ ಹೇಗೆ ಅಂತ ಅದೂ ಆಗಲಿಲ್ಲ. ಚಾಮರಾಜನಗರ ಎಷ್ಟು ದೂರ? ತೆರಕಣಾಂಬಿ ದಾಟಿ ಒಂದು ಬಸ್ಸಿನ ದಾರಿ. ಅಷ್ಟನ್ನೂ ಹೋಗಲಿಲ್ಲ.

ಇದನ್ನೆಲ್ಲ ನಾನು ಆ ಟೀಚರಿಗೆ ಹೇಳಲಿಲ್ಲ. ನೀರು ಕೊಟ್ಟೆ, ಬೆಲ್ಲ ಕೊಟ್ಟೆ, ಚಾಪೆ ಹಾಸಿದೆ. ಆಕೆಯೇ ಮಾತು ಮುಂದುವರಿಸಿದರು. "ತಮಾಷೆ ಮನುಷ್ಯ ಅಮ್ಮ. ಪ್ರತಿ ವರ್ಷ ಗಣಪತಿ ಹಬ್ಬ ಬಂತು ಅಂದ್ರೆ ಮಕ್ಕಳ ಕೈಲಿ ಮಣ್ಣಲ್ಲಿ ಒಂದು ಪ್ರಾಣಿ ಮಾಡಿಸೋರು. ಬೆನ್ನ ಮೇಲೆ ಪಟ ಇರೋದು. ಪೊರಕೆಕಡ್ಡಿ, ಹಳೇ ಬಟ್ಟೆ, ಅಕ್ಕಿ, ನುಚ್ಚು ಎಲ್ಲಾ ಮಕ್ಕಳು ಮನೆಯಿಂದ ತರಬೇಕು. ಆಮೇಲೆ ಅದನ್ನ ಮೆರವಣಿಗೆ ಮಾಡಿ ಕೆರೆಗೆ ಬಿಡಿಸೋರು."

"ಕೆರೆಗಾ?"

"ಹೂಂ. ಮಕ್ಕಳು ಅಳೋವು, ಕಷ್ಟಪಟ್ಟು ಮಾಡಿದ್ದು ಅಂತ. ಆಗ ದಡದಲ್ಲಿ ನಿಂತು ಪಾಠ. ಒಣ ನೆಲದಲ್ಲಿ ಸತ್ತದ್ದನ್ನ ಬಿಸಿಲು ಗಾಳಿ ತಿಂದು ಹಾಕಿದ್ವು, ಒಂದೂ ಉಳೀಲಿಲ್ಲ. ನೀರಿನ ತಳದ ಕೆಸರಿಗೆ ಬಿದ್ದದ್ದೇ ಕಲ್ಲಾಗಿ ನಮ್ಮ ಕೈಗೆ ಸಿಕ್ಕಿದ್ದು, ಕೆಸರು ಕಾಪಾಡ್ತು, ನೀರಿಗೆ ಬಿಟ್ಟದ್ದೆಲ್ಲ ಹೋಯ್ತು ಅಂದ್ಕೋಬೇಡಿ ಅನ್ನೋರು. ಇನ್ನೊಂದು ಗೊತ್ತಾ? ಬಿಡೋ ಮುಂಚೆ ಅದರ ಹಣೆಗೆ ಕುಂಕುಮ ಇಡಿಸೋರು. ನಮ್ಮ ಹೆಡ್‌ಮಾಸ್ಟರು ಒಂದು ಸಲ, ವಿಜ್ಞಾನದ ಪ್ರಾಣಿಗೆ ಕುಂಕುಮ ಯಾಕ್ರೀ ಅಂದ್ರು. 'ಗುಂಡ್ಲುಪೇಟೇಲಿ ನನ್ನ ತಂಗಿ ಇಟ್ಟಿದ್ಲು ಸಾರ್, ಅದನ್ನ ಮೊದಲು ನಮ್ಮ ಮನೇದು ಅಂದ್ಕೊಂಡವಳು ಅವಳು' ಅಂದ್ರು." ಆಕೆ ಬೆಲ್ಲ ಬಾಯಿಗೆ ಹಾಕಿಕೊಂಡರು. "ಅವರ ತಂಗಿ ಈ ಊರಲ್ಲೇ ಇದ್ದಾರಾ ಅಮ್ಮ? ಅವರಿಗಾದ್ರೂ ಸುದ್ದಿ ಮುಟ್ಟಿದೆಯೋ ಇಲ್ವೋ."

ಮಲಗಿದ್ದಾರೆ ಅಂದುಕೊಂಡಿದ್ದ ಅತ್ತೆ ಕಣ್ಣು ಬಿಟ್ಟರು. "ಇವ್ಳೇ ಕಣವ್ವ. ಈಗ ಮುಟ್ತು."

ಟೀಚರು ಕೋಣೆ ನೋಡಲು ಹಿತ್ತಲಿಗೆ ಹೋದರು. ನಾನು ಅತ್ತೆಯ ಕಡೆ ತಿರುಗಿದೆ. "ಅವರಿಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿಲ್ದೆ ಏನು? ದಿನಾ ನೋಡಿ ಹೇಳಿ, ನೋಡಿ ಹೇಳಿ ಅನ್ನ ಮನ್ಸ. ಈ ಬೋಳು ಹಣೆ ಮಡಿಕಂಡು ನಾನು ಕುಂಕುಮ ಇಕ್ಕಿವ್ನಿ ಅಂದ್ರ ನಂಬಾಕ ಅವ್ರೇನು ಕುರುಡ್ರಾ? ಸುಳ್ಳು ಬಾಯಿಂದ ಬಿದ್ದ ತಕ್ಸಣ ನಂಗೂ ಹೊಳೀತು, ಅವ್ರಿಗೂ ಹೊಳೀತು. ಆಯ್ತು ಬುಡಿ ಅಂದ್ರು."

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳ್ನಿಲ್ಲ."

ಇಷ್ಟು ವರ್ಷ. ನಾನು ಅತ್ತೆಯ ಹಣೆಯನ್ನು ದಿನಾ ನೋಡಿದ್ದೆ, ನೋಡಿರಲಿಲ್ಲ. ಹೇಳಬೇಕು ಅಂತ ನಾನು ಬುಟ್ಟಿ ಹಿಡಿದು ನಿಂತ ಬೆಳಗುಗಳಲ್ಲೆಲ್ಲ ಅವರು ಗೊತ್ತಿದ್ದೇ ಕಲ್ಲು ಬಿಟ್ಟು ಎದ್ದಿದ್ದರು, ನನಗೆ ಹೇಳುವ ಕಷ್ಟ ಬೇಡ ಅಂತ. ಈಗ ಹೇಳೋಣವೆಂದರೆ ಅವರಿಲ್ಲ.

ಮಗಳು ಹುಣಸೆಯ ಒಂದು ಎಸಳನ್ನು ಬಾಯಿಗೆ ಹಾಕಿಕೊಂಡು ಹುಳಿಗೆ ಮುಖ ಕಿವುಚಿದಳು. ನಾನು ಅವಳ ಕಣ್ಣಿನ ಪಕ್ಕ, ಕಿವಿಗಿಂತ ಮುಂದೆ ಬೆರಳಿಟ್ಟೆ. ಕುಣಿಯುತ್ತಿತ್ತು.

"ಏಳಮ್ಮಿ" ಅಂದರು ಅತ್ತೆ, ಗೋಡೆ ಹಿಡಿದು ತಾವೂ ಏಳುತ್ತಾ. "ಎರಡು ತಿಂಗ್ಳಾದ್ರೇನು, ನಮ್ಗ ಸುದ್ದಿ ಇವತ್ತು ಬಂದಿರದು. ಅಣ್ಣ ಅಂದ್ಮೇಲ ಅಣ್ಣನೇಯ. ತಲೆ ಮ್ಯಾಕೆ ನೀರ ಹುಯ್ಕಳನ."

ಬಾವಿಯ ಕಟ್ಟೆಯ ಹತ್ತಿರ ಅತ್ತೆಗೆ ಎರಡು ಬಿಂದಿಗೆ ಹುಯ್ದೆ, ನಾನು ಎರಡು ಹುಯ್ದುಕೊಂಡೆ. ಮಗಳ ತಲೆಗೂ ಒಂದು ಬೊಗಸೆ ಹಾಕಿದೆ. ಒದ್ದೆಯ ತಲೆಯಲ್ಲಿ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತೆ, ಬಿಸಿಲಿಗೆ ಬೆನ್ನು ಕೊಟ್ಟು. ಕಲ್ಲು ಬೆಚ್ಚಗಿತ್ತು.

ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡೆ. ಒಲೆಯ ಮಣ್ಣು ನೆನೆದು ಹದಕ್ಕೆ ಬಂದಿತ್ತು. ಹೆಚ್ಚು ಹೊತ್ತು ಬಿಟ್ಟರೆ ಗಟ್ಟಿಯಾಗುತ್ತದೆ. ಒಂದಿಷ್ಟು ಹೊಟ್ಟು ಸೇರಿಸಿ ತುಳಿಯಲು ನಿಂತೆ.